ಮೂರನೆಯ ಕೂಗು

ನನ್ನ ಕರಿ ಕೋಟು ಸತ್ತವರದು. ತೊಳೆಯಲು ಲಾಂಡ್ರಿಗೆ ಕೊಟ್ಟಿದ್ದ ವಕೀಲರು ಅದನ್ನು ತಿರುಗಿ ಒಯ್ಯುವ ಮುಂಚೆಯೇ ತೀರಿಕೊಂಡರು. ವರ್ಷವಾದರೂ ಯಾರೂ ಕೇಳಿಕೊಂಡು ಬರಲಿಲ್ಲ. ಕೊನೆಗೆ ಅಲ್ಲಿ ಕೆಲಸಕ್ಕಿದ್ದ ಅಮ್ಮ ಅದನ್ನು ಮನೆಗೆ ತಂದಳು. ತೋಳು ಉದ್ದವಿತ್ತು, ಒಳಕ್ಕೆ ಮಡಿಸಿ ಹೊಲಿದಳು. ಭುಜಕ್ಕೆ ಏನೂ ಮಾಡಲಾಗಲಿಲ್ಲ. ನಾನು ಕೋರ್ಟಿನ ಕಾರಿಡಾರಿನಲ್ಲಿ ನಡೆದು ಬರುತ್ತಿದ್ದರೆ ಗೂಟಕ್ಕೆ ನೇತುಹಾಕಿದ ಕೋಟೇ ಎದ್ದು ಬಂದ ಹಾಗೆ ಕಾಣುತ್ತದಂತೆ. ಹಾಗಂತ ಹೇಳಿದ್ದು ನಮ್ಮ ಆಫೀಸಿನ ಗುಮಾಸ್ತರು. ಅವರು ಹೇಳಿದರು, ನಾನು ನಕ್ಕೆ. ಆ ಆಫೀಸಿನಲ್ಲಿ ಯಾರು ಏನು ಅಂದರೂ ನಾನು ನಗುತ್ತಿದ್ದೆ. ಹೆದರುವವರಿಗೆ ಅದೊಂದು ಅಭ್ಯಾಸ.

ನಾನು ಹುಟ್ಟಾ ಪುಕ್ಕಲಿ. ಹಗಲು ಅದೇ ಲಾಂಡ್ರಿಯಲ್ಲಿ ಟವೆಲು ಮಡಿಸಿ, ಸಂಜೆ ಕಾಲೇಜಿನಲ್ಲಿ ಕಾನೂನು ಓದಿದೆ. ಪರೀಕ್ಷೆ ಪಾಸಾದಾಗ ಬೀದಿಯವರೆಲ್ಲ ಮನೆಗೆ ಬಂದು, 'ಇನ್ನು ನಮ್ಮ ಹುಡುಗಿಗೆ ಯಾರ ಭಯ!' ಎಂದು ಬೆನ್ನು ತಟ್ಟಿ ಹೋದರು. ಭಯ ಶುರುವಾದದ್ದೇ ಆಮೇಲೆ.

ಸೀನಿಯರ್ ಆಫೀಸಿನಲ್ಲಿ ನನ್ನ ಜಾಗ ಝೆರಾಕ್ಸ್ ಮೆಷಿನ್ನಿಗೂ ಬಚ್ಚಲಿನ ಬಾಗಿಲಿಗೂ ನಡುವೆ. ಯಾರು ಬಚ್ಚಲಿಗೆ ಹೋಗಬೇಕಾದರೂ ನಾನು ಎದ್ದು ಸ್ಟೂಲು ಎತ್ತಿಕೊಂಡು ನಿಲ್ಲಬೇಕು. ಫೈಲು ಹೊರುವುದು, ಹಾಳೆಗಳಿಗೆ ನಂಬರು ಹಾಕುವುದು, ಸೀನಿಯರ್‌ಗೆ ಬಿಸಿನೀರು ಕೊಡುವುದು ನನ್ನ ಕೆಲಸ. ಕೋರ್ಟಿನಲ್ಲಿ ನಾನು ಆಡಬಹುದಾದ ಮಾತು ಒಂದೇ: 'ನಮ್ಮ ಸೀನಿಯರ್ ಪಕ್ಕದ ಕೋರ್ಟಿನಲ್ಲಿದ್ದಾರೆ ಸ್ವಾಮಿ, ಸ್ವಲ್ಪ ಹೊತ್ತು ಬಿಟ್ಟು ಕೂಗಿಸಿ.' ಆ ಒಂದು ಮಾತಿಗೂ ನನ್ನ ನಾಲಿಗೆ ಒಣಗುತ್ತಿತ್ತು. ಸಂಬಳ ಇಲ್ಲ. 'ಕಲಿಯೋಕೆ ಬಂದಿದ್ದೀಯಲ್ಲಮ್ಮ, ನಾನೇ ನಿನ್ನ ಹತ್ರ ಫೀಸು ಕೇಳ್ಬೇಕು' ಎಂದು ಸೀನಿಯರ್ ಮೊದಲ ದಿನವೇ ನಗುನಗುತ್ತಾ ಹೇಳಿಬಿಟ್ಟಿದ್ದರು.

ಅವರು ಎಂದೂ ದನಿ ಏರಿಸಿದವರಲ್ಲ. ಗಂಟಲಿಗೆ ಒಳ್ಳೆಯದೆಂದು ಸದಾ ಬಾಯಲ್ಲಿ ಒಂದು ಜೇನಿನ ಗುಳಿಗೆ ಇಟ್ಟುಕೊಂಡು, ಅದನ್ನು ಆ ಕೆನ್ನೆಯಿಂದ ಈ ಕೆನ್ನೆಗೆ ಹೊರಳಿಸುತ್ತಾ ಮೆಲ್ಲಗೆ ಮಾತಾಡುತ್ತಿದ್ದರು. ನಮ್ಮ ಮನೆಯಲ್ಲಿ ಎಲ್ಲರೂ ಕಿರುಚಿ ಮಾತಾಡುವವರು. ಅದಕ್ಕೇ ಇರಬೇಕು, ಅವರ ಮೆಲುದನಿ ಕೇಳಿದರೆ ಸಾಕು, ಕರೆಯದಿದ್ದರೂ ನಾನು ಎದ್ದು ನಿಲ್ಲುತ್ತಿದ್ದೆ.

ನನ್ನ ಜುಟ್ಟು ಅವರ ಕೈಯಲ್ಲಿತ್ತು. ವಕೀಲಿಕೆ ಮಾಡಲು ಕೊಟ್ಟ ನನ್ನ ಸನ್ನದು ಇನ್ನೂ ತಾತ್ಕಾಲಿಕ. ಹಿರಿಯ ವಕೀಲರೊಬ್ಬರ ಕೈಕೆಳಗೆ ಎರಡು ವರ್ಷ ದುಡಿದು, 'ಈಕೆಯ ನಡತೆ ಚೆನ್ನಾಗಿದೆ, ಈಕೆ ವಕೀಲಿಕೆಗೆ ತಕ್ಕವಳು' ಎಂದು ಅವರು ಸಹಿ ಹಾಕಿ ಕೊಟ್ಟರೆ ಮಾತ್ರ ಅದು ಪಕ್ಕಾ ಆಗುತ್ತದೆ. ಹಾಕದಿದ್ದರೆ ಓದಿದ್ದೆಲ್ಲ ನೀರುಪಾಲು, ಮತ್ತೆ ಟವೆಲು ಮಡಿಸಬೇಕು.

ಇಷ್ಟು ಹೇಳಿದ ಮೇಲೆ ಲಾಂಡ್ರಿಯ ವಿಷಯ ಹೇಳಲೇಬೇಕು. ನಮ್ಮ ಬೀದಿಯ ಹೆಂಗಸರೆಲ್ಲ ದುಡಿಯುವುದು ಅಲ್ಲಿಯೇ. ಆಸ್ಪತ್ರೆಗಳ ಚಾದರ, ಹೋಟೆಲುಗಳ ಟವೆಲು ಲಾರಿಗಟ್ಟಲೆ ಬಂದು ಬೀಳುತ್ತವೆ. ತೊಳೆದದ್ದನ್ನು ರೋಲರಿಗೆ ಹಾಕಬೇಕು. ರೋಲರ್ ಅಂದರೆ ಎರಡಾಳು ಉದ್ದದ ಉಕ್ಕಿನ ಉರುಳೆ, ಒಳಗೆ ಕುದಿಯುವ ಹಬೆ. ಈ ಕಡೆ ನಿಂತವರು ಒದ್ದೆ ಚಾದರದ ತುದಿ ಹಿಡಿದು ಸುಕ್ಕು ಬಿಡಿಸಿ ಒಳಕ್ಕೆ ಬಿಡಬೇಕು, ಆ ಕಡೆಯವರು ಸುಡುವ ಚಾದರ ಹಿಡಿದು ಮಡಿಸಬೇಕು. ನಿಲ್ಲಿಸುವ ಸ್ವಿಚ್ಚು ಮೊದಲು ರೋಲರಿನ ಪಕ್ಕದಲ್ಲೇ ಇತ್ತು. ಹೆಂಗಸರು ನೀರು ಕುಡಿಯುವ ನೆಪದಲ್ಲಿ ಮೆಷಿನ್ ನಿಲ್ಲಿಸುತ್ತಾರೆಂದು ಮಾಲೀಕರು ಅದನ್ನು ಕೀಳಿಸಿ ಮೇಸ್ತ್ರಿಯ ಗಾಜಿನ ಕೋಣೆಯೊಳಗೆ ಇಡಿಸಿದರು.

ಆ ಮೆಷಿನ್ನುಗಳ ಸದ್ದಿನಲ್ಲಿ ಪಕ್ಕದವರು ಕೂಗಿದರೂ ಕೇಳುವುದಿಲ್ಲ. ಹತ್ತು ವರ್ಷ ದುಡಿದವರಿಗೆ ಹೊರಗೆ ಬಂದ ಮೇಲೂ ಅರ್ಧ ಕೇಳುವುದಿಲ್ಲ. ಅದಕ್ಕೇ ನಮ್ಮ ಮನೆಗಳಲ್ಲಿ ಗುಟ್ಟು ಅನ್ನುವುದಿಲ್ಲ, ಅಮ್ಮ ಪಿಸುಗುಟ್ಟಿದರೆ ಮೂರನೇ ಮನೆಗೆ ಕೇಳುತ್ತದೆ. ಲಾಂಡ್ರಿಯೊಳಗೆ ಎಲ್ಲವೂ ಕೈಸನ್ನೆ. ಅಂಗೈ ಕೆಳಗೆ ಮಾಡಿ ಗಾಳಿಯಲ್ಲಿ ಎರಡು ಸಲ ತಟ್ಟಿದರೆ, 'ಚಾದರ ನೇರ ಇದೆ, ಬಿಡು' ಎಂದರ್ಥ. ಎರಡೂ ತೋಳನ್ನು ತಲೆಯ ಮೇಲೆತ್ತಿ ಕತ್ತರಿ ಹಾಕಿದರೆ, 'ನಿಲ್ಲಿಸು, ಯಾರೋ ಸಿಕ್ಕಿಕೊಂಡಿದ್ದಾರೆ.' ಈ ಸನ್ನೆಗೆ ಹೆಂಗಸರೇ ಮಾಡಿಕೊಂಡ ಒಂದು ಕಟ್ಟುನಿಟ್ಟು ಇತ್ತು. ಅದು ಕಣ್ಣಿಗೆ ಬಿದ್ದ ತಕ್ಷಣ ಕೈಯಲ್ಲಿದ್ದದ್ದನ್ನು ಅಲ್ಲೇ ಬಿಟ್ಟು ತಾವೂ ತೋಳೆತ್ತಬೇಕು, ಎತ್ತಿಕೊಂಡೇ ಓಡಬೇಕು. ಯಾಕೆ, ಏನು ಎಂದು ಕೇಳುವಂತಿಲ್ಲ.

ಹಿಂದಿನ ವರ್ಷ ಚಾದರದಕ್ಕನ ಬಲಗೈ ರೋಲರಿಗೆ ಸಿಕ್ಕಿತು. ಅವಳು ನಮ್ಮ ಪಕ್ಕದ ಮನೆಯವಳು. ಚಾದರ ಬಿಡುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ, ಅದಕ್ಕೇ ಆ ಹೆಸರು. ಒದ್ದೆ ಅಂಚು ಮಣಿಕಟ್ಟಿಗೆ ಸುತ್ತಿಕೊಂಡು ಎಳೆಯಿತು. ಆ ಹೊತ್ತಿಗೆ ಗಾಜಿನ ಕೋಣೆಯ ಕಡೆಗೆ ಮುಖ ಮಾಡಿ ನಿಂತಿದ್ದವಳು ನಮ್ಮಮ್ಮ ಒಬ್ಬಳೇ. ತೋಳೆತ್ತಿ ಕತ್ತರಿ ಹಾಕಿದಳು, ಬಾಯಿ ಹರಿಯುವಂತೆ ಕಿರುಚಿದಳು. ಮೇಸ್ತ್ರಿ ನೋಡಿದ. ಅವನ ಕಣ್ಣೂ ಅಮ್ಮನ ಕಣ್ಣೂ ಕೂಡಿದವು. ಆಸ್ಪತ್ರೆಯ ವ್ಯಾನು ಗೇಟಿನಲ್ಲಿ ಹಾರ್ನು ಹೊಡೆಯುತ್ತಿತ್ತು. ಅವನು ವ್ಯಾನಿನ ಕಡೆ ಮುಖ ತಿರುಗಿಸಿದ. ಆ ಚಾದರ ಕೊನೆ ಮುಟ್ಟಿದ ಮೇಲೆಯೇ ಮೆಷಿನ್ ನಿಂತದ್ದು.

ಅವಳು ಪರಿಹಾರ ಕೇಳಿ ಕೇಸು ಹಾಕಿದಾಗ ಲಾಂಡ್ರಿ ಕಂಪನಿಯವರು ಕೋರ್ಟಿಗೆ ಬರೆದುಕೊಟ್ಟದ್ದು ಬೇರೆ. ಹೆಂಗಸು ಮೈಮರೆತು ತಾನೇ ಕೈ ಹಾಕಿದಳು, ಯಾರೂ ಸನ್ನೆ ಮಾಡಲಿಲ್ಲ, ಯಾರೂ ಕೂಗಿದ್ದು ಕೇಳಿಸಲಿಲ್ಲ, ನಿಲ್ಲಿಸುವ ಸ್ವಿಚ್ಚು ಪಕ್ಕದಲ್ಲೇ ಇತ್ತು. ಹೌದು, ಇತ್ತು. ಕೈ ಹೋದ ಮುಂದಿನ ವಾರ ತಂದು ಕೂರಿಸಿದ್ದರು. ಕೆಂಪು ಬಣ್ಣ ಬಳಿದಿದ್ದರು.

ಚಾದರದಕ್ಕನನ್ನು ಸೀನಿಯರ್ ಹತ್ತಿರ ಕರೆದುಕೊಂಡು ಹೋದದ್ದು ನಾನೇ. ವಕಾಲತ್ತಿಗೆ ಹೆಬ್ಬೆಟ್ಟು ಹಾಕುವಾಗ ಅವಳು ಎಡಗೈ ಚಾಚಿ, 'ಬಲಗೈದು ಬೇಕಂದ್ರೆ ಕಂಪನೀನೇ ಕೇಳಿ' ಎಂದು ನಗಿಸಿದಳು. ಆಮೇಲೆ ಹಟ ಹಿಡಿದಳು: 'ನಮ್ಮ ಹುಡುಗೀದೂ ಸಹಿ ಇರ್ಬೇಕು. ಇಲ್ಲಾಂದ್ರೆ ನಾನು ಒತ್ತಲ್ಲ.' ಸೀನಿಯರ್ ನಕ್ಕು, ತಮ್ಮ ಸಹಿಯ ಕೆಳಗೆ ನನ್ನದನ್ನೂ ಹಾಕಿಸಿದರು. ಜೂನಿಯರ್ ಸಹಿ ಅಂದರೆ ಊಟದೆಲೆಯಲ್ಲಿ ಯಾರೂ ಮುಟ್ಟದ ಉಪ್ಪು ಎಂದು ಗುಮಾಸ್ತರು ಅಂದರು. ನಾನು ಅದಕ್ಕೂ ನಕ್ಕೆ.

ಸಾಕ್ಷಿ ಹೇಳು ಎಂದು ಅಮ್ಮನನ್ನು ಒಪ್ಪಿಸಿದವಳೂ ನಾನೇ. ಅಮ್ಮ ಸುಲಭಕ್ಕೆ ಒಪ್ಪಲಿಲ್ಲ.

'ನಾಳೆ ನನ್ನನ್ನ ಗೇಟಿಂದ ಆಚೆ ಹಾಕಿದ್ರೆ ಏನೇ ಮಾಡೋದು?'

'ಹಾಕೋಕಾಗಲ್ಲಮ್ಮ. ಕಾನೂನಿದೆ.'

'ಎಲ್ಲಿದೆ?'

'ಪುಸ್ತಕದಲ್ಲಿದೆ.'

'ಆ ಪುಸ್ತಕ ಮೇಸ್ತ್ರಿ ಓದಿದಾನಾ?'

ಅಮ್ಮ ನನ್ನ ಮುಖ ನೋಡಿದಳು. 'ಆಯ್ತು ಬಿಡು. ಹೇಳ್ತೀನಿ. ಕಂಡದ್ದನ್ನ ಹೇಳೋಕೆ ಏನು' ಎಂದಳು. ಆ ವಾರವೇ ಮೇಸ್ತ್ರಿ ಅವಳ ಹತ್ತಿರ ಬಂದು ಕಿವಿಗೆ ಬಾಯಿಟ್ಟು, 'ಮಗಳು ಲಾಯರಾಗ್ತಿದ್ದಾಳಂತೆ, ಸಂತೋಷ. ಒಬ್ಬಳೇ ಓಡಾಡ್ತಾಳೆ, ಹುಷಾರಾಗಿರೋಕೆ ಹೇಳಿ' ಎಂದನಂತೆ. ಅಂದಿನಿಂದ ನಾನು ಬಸ್ಸಿನಿಂದ ಇಳಿದು ಮನೆ ಮುಟ್ಟುವ ತನಕ ಹಿಂದೆ ತಿರುಗಿ ನೋಡುವುದೇ ಆಯಿತು. ಯಾರೂ ಇರುತ್ತಿರಲಿಲ್ಲ. ಇಲ್ಲದಿರುವುದೂ ಹೆದರಿಕೆಯೇ.

ಸಾಕ್ಷಿಯ ದಿನ ಹತ್ತಿರ ಬಂತು. ಹಿಂದೆ ಸೀನಿಯರ್ ತಾವೇ ವಾಯಿದೆ ಕೇಳಿ ಕೇಳಿ ಮುಂದೂಡಿಸಿದ್ದರಿಂದ ನ್ಯಾಯಾಧೀಶರಿಗೆ ರೇಗಿತ್ತು. 'ಇದೇ ಕೊನೆ. ಅವತ್ತು ಸಾಕ್ಷಿ ಬರದಿದ್ದರೆ ಕೇಸು ವಜಾ' ಎಂದು ಬರೆಸಿದ್ದರು.

ಹಿಂದಿನ ಸಂಜೆ ನಾನು ಹಾಳೆಗಳಿಗೆ ನಂಬರು ಹಾಕುತ್ತಾ ಕೂತಿದ್ದೆ. ಸೀನಿಯರ್ ಕೋಣೆಯ ಬಾಗಿಲು ತೆರೆಯಿತು. ಹೊರಗೆ ಬಂದವರನ್ನು ಕಂಡು ಪೆನ್ನು ನನ್ನ ಕೈಯಿಂದ ಜಾರಿತು. ಲಾಂಡ್ರಿಯ ಮ್ಯಾನೇಜರು. ಅವರು ನನ್ನನ್ನು ನೋಡಿ ತಲೆಯಾಡಿಸಿ ಮುಗುಳ್ನಕ್ಕರು, ಪರಿಚಯದವರ ಮನೆಯಲ್ಲಿ ಸಿಕ್ಕ ಹಾಗೆ. ಬಚ್ಚಲಿಗೆ ಹೋಗಬೇಕೆಂದರು. ನಾನು ಎದ್ದು ಸ್ಟೂಲು ಎತ್ತಿಕೊಂಡು ನಿಂತೆ.

ಅವರು ಹೋದ ಮೇಲೆ ಸೀನಿಯರ್ ನನ್ನನ್ನು ಒಳಗೆ ಕರೆದರು.

'ಬಾಮ್ಮ, ಕೂತ್ಕೋ.' ಅವರು ನನಗೆ ಕೂರಲು ಹೇಳಿದ್ದು ಅದೇ ಮೊದಲು. 'ನೋಡು, ಆ ಕಂಪನಿಯವರು ಇನ್ನು ಮೇಲೆ ತಮ್ಮ ಎಲ್ಲಾ ಕೇಸುಗಳನ್ನೂ ನಮಗೇ ಕೊಡ್ತಾರೆ. ಊರಲ್ಲಿ ಇಷ್ಟು ಜನ ವಕೀಲರಿದ್ದಾರೆ, ನಮ್ಮ ಹತ್ರ ಬಂದಿದ್ದಾರೆ.'

'ಸರ್, ಆದ್ರೆ ಚಾದರದಕ್ಕನ ಕೇಸು...'

'ಅದೇ.' ಜೇನಿನ ಗುಳಿಗೆ ಆ ಕೆನ್ನೆಗೆ ಹೊರಳಿತು. 'ಒಂದೇ ಮನೇಲಿ ಎರಡು ಒಲೆ ಹೇಗೆ ಹಚ್ಚೋದು? ನಾಳೆ ನೀನು ನಿಮ್ಮ ತಾಯೀನ, ಆ ಹೆಂಗಸನ್ನ ಎದುರು ಕಟ್ಟಡದ ಮಹಡೀಲಿ ಕೂರಿಸು. ಕರೆಯೋ ತನಕ ಇಲ್ಲೇ ಇರಿ ಅನ್ನು. ಕೂಗಿದಾಗ ಎದ್ದು ನಿಂತು, ಸಾಕ್ಷಿ ಬಂದಿಲ್ಲ, ಕಕ್ಷಿದಾರರೂ ಬಂದಿಲ್ಲ ಅಂತ ಹೇಳು. ಅಷ್ಟೇ. ಸುಳ್ಳೇನಲ್ವಲ್ಲ, ಹಾಲ್‌ನಲ್ಲಿ ಇರಲ್ಲ ತಾನೆ?'

ನಾನು ನೆಲ ನೋಡುತ್ತಿದ್ದೆ.

'ನಿಮ್ಮ ತಾಯಿ ಅಲ್ಲೇ ಕೆಲಸಕ್ಕಿದ್ದಾರೆ. ಸಾಕ್ಷಿ ಹೇಳಿ ಕೆಲಸ ಕಳ್ಕೊಳ್ಳೋದಕ್ಕಿಂತ ಇದು ಅವರಿಗೂ ಒಳ್ಳೇದು. ಯೋಚನೆ ಮಾಡು.'

ಡ್ರಾಯರ್ ಎಳೆದು ಒಂದು ಹಾಳೆ ತೆಗೆದರು. ನನ್ನ ನಡತೆಯ ಪತ್ರ. ಟೈಪಾಗಿತ್ತು, ಕೆಳಗೆ ಸಹಿಯ ಜಾಗ ಖಾಲಿ ಇತ್ತು. ಪೆನ್ನಿನ ಮುಚ್ಚಳ ತೆಗೆದರು, ಹಾಳೆಯ ಮೇಲೆ ತಂದರು, ಏನೋ ನೆನಪಾದವರಂತೆ ಮತ್ತೆ ಮುಚ್ಚಳ ಹಾಕಿದರು.

'ಸೋಮವಾರ ಹಾಕೋಣ. ಏನು?'

'ಸರಿ ಸರ್' ಎಂದೆ. ನನ್ನ ಬಾಯಿಂದಲೇ ಬಂತು ಆ ಮಾತು.

ಮನೆಗೆ ಹೋದರೆ ಅಮ್ಮ ನನ್ನ ಕೋಟಿಗೆ ಇಸ್ತ್ರಿ ಹಾಕುತ್ತಿದ್ದಳು. ಚಾದರದಕ್ಕ ಮೂಲೆಯಲ್ಲಿ ಕೂತು, ಕೈಯಿಲ್ಲದ ತೋಳಿಗೆ ಟವೆಲು ಸುತ್ತಿಕೊಂಡು, ನಾಳೆ ಯಾವ ಸೀರೆ ಉಡಲಿ ಎಂದು ಕೇಳುತ್ತಿದ್ದಳು. ಹೊಸದು ಉಟ್ಟರೆ ಇವಳಿಗೇನು ಕಷ್ಟ ಅಂದುಕೊಳ್ಳುತ್ತಾರೆ, ಹಳೆಯದು ಉಟ್ಟರೆ ಬಾಗಿಲಲ್ಲೇ ತಡೆಯುತ್ತಾರೆ ಎಂಬುದು ಅವಳ ಚಿಂತೆ.

'ಜವಾನ ಮೂರು ಸಲ ಹೆಸರು ಕೂಗ್ತಾನಂತಲ್ಲ' ಅಮ್ಮ ಕಿರುಚಿದಳು. 'ನಮಗೆ ಕೇಳದೇ ಹೋದ್ರೆ?'

'ಮೂರನೇದಕ್ಕೂ ಓ ಅನ್ನದೇ ಇದ್ರೆ ಏನಾಗುತ್ತೆ?' ಚಾದರದಕ್ಕ ಕೇಳಿದಳು.

'ಕೇಸು ಮುಗೀತು' ಎಂದೆ.

'ಹಂಗಾದ್ರೆ ನೀನು ಕೈಸನ್ನೆ ಮಾಡಿಬಿಡು ಮಾರಾಯ್ತಿ. ನಮ್ಮ ಕಿವಿ ನಂಬ್ಕೊಂಡ್ರೆ ಕೆಟ್ಟೆವು' ಎಂದು ಇಬ್ಬರೂ ನಕ್ಕರು.

ಈಗ ಹೇಳಿಬಿಡಲೇ ಎಂದು ಬಾಯಿ ತೆರೆದೆ. ಹೇಳಿದರೆ ಪಕ್ಕದ ಮನೆಗೆ ಕೇಳುತ್ತದೆ, ಪಕ್ಕದ ಮನೆಯಿಂದ ಬೀದಿಗೆ, ಬೀದಿಯಿಂದ ಲಾಂಡ್ರಿಗೆ. ಬಾಯಿ ಮುಚ್ಚಿಕೊಂಡೆ. 'ಯಾಕೆ ಊಟ ಮಾಡ್ತಿಲ್ಲ?' ಎಂದು ಅಮ್ಮ ಕೇಳಿದಳು. ಹೊಟ್ಟೆ ಸರಿಯಿಲ್ಲ ಎಂದೆ. ಅದಂತೂ ನಿಜ.

ಕೋರ್ಟಿನ ಕಟ್ಟಡ ಎರಡು ಭಾಗ, ನಡುವೆ ಅಂಗಳ. ನಮ್ಮ ಕೇಸಿನ ಕೋರ್ಟ್ ಹಾಲ್ ಈ ಕಡೆ ಕೆಳಗೆ. ಎದುರು ಭಾಗದ ಮಹಡಿಯಲ್ಲಿ ಉದ್ದನೆಯ ಜಗಲಿ, ಅಲ್ಲೊಂದು ಬೆಂಚು. ಬೆಳಿಗ್ಗೆ ಅಮ್ಮ, ಚಾದರದಕ್ಕ, ಜೊತೆಗೆ ರಾತ್ರಿ ಪಾಳಿ ಮುಗಿಸಿ ನೇರ ಬಂದಿದ್ದ ಇನ್ನೂ ಮೂವರು ಹೆಂಗಸರು ಗೇಟಿನಲ್ಲಿ ಕಾದಿದ್ದರು. ಆ ಮೂವರಿಗೆ ಸಾಕ್ಷಿ ಹೇಳುವುದೇನೂ ಇರಲಿಲ್ಲ. 'ನೀನು ಮಾತಾಡೋದನ್ನ ನೋಡೋಕೆ ಬಂದ್ವಿ' ಎಂದರು. ನಿದ್ದೆಯಿಲ್ಲದ ಅವರ ಕಣ್ಣುಗಳು ಕೆಂಪಾಗಿದ್ದವು.

ಗುಮಾಸ್ತರು ಫೈಲು ಹಿಡಿದು ನಮ್ಮ ಹಿಂದೆಯೇ ನಿಂತಿದ್ದರು. ಅಂದು ಅವರು ಒಂದೂ ತಮಾಷೆ ಮಾಡಲಿಲ್ಲ. 'ಕರ್ಕೊಂಡು ಹೋಗಮ್ಮ, ಮಹಡಿಗೆ' ಎಂದಷ್ಟೇ ಹೇಳಿದರು, ನನ್ನ ಮುಖ ನೋಡದೆ.

ಕರೆದುಕೊಂಡು ಹೋದೆ. ನನ್ನ ಹಿಂದೆ ಐದು ಜೊತೆ ಚಪ್ಪಲಿಗಳು ಮೆಟ್ಟಿಲು ಹತ್ತಿದವು. ಬೆಂಚಿನ ಮೇಲೆ ಕೂರಿಸಿದೆ.

'ಇಲ್ಲೇ ಇರಿ. ನಾನು ಕರೀತೀನಿ.'

'ಇಲ್ಲಿಂದ ಕೇಳ್ಸುತ್ತಾ?' ಚಾದರದಕ್ಕ ಅನುಮಾನಿಸಿದಳು.

'ಅವಳೇ ಕರೀತೀನಿ ಅಂದಳಲ್ಲ, ಇನ್ನೇನು?' ಅಮ್ಮ ಗದರಿದಳು. ನನ್ನ ಕೋಟಿನ ಭುಜ ಎಳೆದು ಸರಿಮಾಡಿದಳು. ಅದು ಮತ್ತೆ ಇಳಿಬಿತ್ತು. 'ಹೋಗು. ಧೈರ್ಯವಾಗಿರು.'

ಕಂಬಿ ಹಿಡಿದುಕೊಂಡು ಇಳಿದೆ.

ಕೋರ್ಟ್ ಹಾಲ್ ತುಂಬಿತ್ತು. ಸೀನಿಯರ್ ಮುಂದಿನ ಸಾಲಿನಲ್ಲಿ ಕಂಪನಿಯ ವಕೀಲರ ಪಕ್ಕದಲ್ಲೇ ಕೂತಿದ್ದರು. ಮ್ಯಾನೇಜರು ಹಿಂದೆ ಗೋಡೆಗೆ ಒರಗಿದ್ದರು. ನಾನು ಬಾಗಿಲ ಬಳಿ ನಿಂತೆ. ಬಾಗಿಲಿನಿಂದ ಅಂಗಳ ಕಾಣುತ್ತಿತ್ತು, ಅಂಗಳದಾಚೆ ಮಹಡಿ, ಮಹಡಿಯ ಕಂಬಿಯ ಹಿಂದೆ ಅಮ್ಮ. ಅವಳು ಬೆಂಚಿನ ಮೇಲೆ ಕೂತಿರಲಿಲ್ಲ. ಕಂಬಿಗೆ ಒರಗಿ ನಮ್ಮ ಬಾಗಿಲನ್ನೇ ನೋಡುತ್ತಾ ನಿಂತಿದ್ದಳು. ಲಾಂಡ್ರಿಯವರು ಹಾಗೆಯೇ. ಕಿವಿ ಬಿಟ್ಟು ಕಣ್ಣಲ್ಲೇ ಕಾಯುತ್ತಾರೆ.

ನಮ್ಮ ಕೇಸಿನ ಸಂಖ್ಯೆ ಓದಿದರು. ಜವಾನ ಹೊಸ್ತಿಲಿಗೆ ಬಂದು ಕಾರಿಡಾರಿನತ್ತ ತಿರುಗಿ ಚಾದರದಕ್ಕನ ನಿಜವಾದ ಹೆಸರನ್ನೂ ಅಮ್ಮನ ಹೆಸರನ್ನೂ ಕೂಗಿದ. ಬೀದಿಯಲ್ಲಿ ಯಾರೂ ಕರೆಯದ ಹೆಸರುಗಳು. ಯಾರೋ ಬೇರೆಯವರನ್ನು ಕೂಗಿದ ಹಾಗಿತ್ತು.

ಅಮ್ಮ ಅಲ್ಲಾಡಲಿಲ್ಲ. ಅವಳಿಗೆ ಕೇಳಿಸಿರಲಿಲ್ಲ.

ಸೀನಿಯರ್ ತಿರುಗಿ ನನ್ನತ್ತ ನೋಡಿ ಮೆಲ್ಲಗೆ ತಲೆಯಾಡಿಸಿದರು. ನಾನು ಮುಂದೆ ಹೋಗಬೇಕಿತ್ತು. ಕಾಲು ಏಳಲಿಲ್ಲ. ಸೋಮವಾರ, ಪೆನ್ನಿನ ಮುಚ್ಚಳ, ಬಸ್ಸಿನಿಂದ ಮನೆಯವರೆಗಿನ ಕತ್ತಲು, ಗೇಟಿನಿಂದ ಆಚೆ ನಿಂತ ಅಮ್ಮ, ಎಲ್ಲವೂ ಒಟ್ಟಿಗೆ ಕಣ್ಣೆದುರು ಬಂದವು.

ಎರಡನೆಯ ಕೂಗು.

'ಯಾರಾದ್ರೂ ಇದ್ದಾರೇನ್ರಿ ಈ ಕೇಸಿಗೆ?' ನ್ಯಾಯಾಧೀಶರು ಗಡಿಯಾರ ನೋಡಿದರು. 'ಏನಮ್ಮ, ನೀವೇ ತಾನೆ ಇವರ ಜೂನಿಯರ್? ಹೇಳಿ.'

ಹಾಲ್‌ನಲ್ಲಿದ್ದವರೆಲ್ಲ ನನ್ನತ್ತ ತಿರುಗಿದರು. ಬಾಯಿ ತೆರೆದೆ. ದನಿ ಬರಲಿಲ್ಲ. ಸುಳ್ಳು ಹೇಳಬಾರದೆಂದು ಗಂಟಲು ಕಟ್ಟಿತು ಎಂದು ಬೇಕಾದರೆ ಹೇಳಿಕೊಳ್ಳಬಹುದು. ಹಾಗಲ್ಲ. ಬರೀ ಹೆದರಿಕೆ. ನಿಜ ಹೇಳಲೂ ಹೆದರಿಕೆ, ಸುಳ್ಳು ಹೇಳಲೂ ಹೆದರಿಕೆ. ಸೀನಿಯರ್ ತುಟಿಯಲ್ಲೇ, 'ಹೇಳಮ್ಮ' ಎಂದರು. ಮೆಷಿನ್ನಿನ ಸದ್ದಿನಲ್ಲಿ ಬೆಳೆದವಳು ನಾನು, ತುಟಿ ಓದಲು ನನಗೆ ಬರುತ್ತದೆ.

ಜವಾನ ಮೂರನೆಯ ಸಲ ಕೂಗಲು ಉಸಿರೆಳೆದುಕೊಂಡ. ಚಾದರ ಕೊನೆ ಮುಟ್ಟುತ್ತಿತ್ತು. ಗಾಜಿನ ಕೋಣೆಯಲ್ಲಿ ನಿಂತು ನೋಡುತ್ತಿದ್ದವಳು ಈಗ ನಾನು.

ನಾನು ಹೊಸ್ತಿಲು ದಾಟಿ ಅಂಗಳಕ್ಕೆ ಬಂದೆ. ಎರಡೂ ತೋಳು ತಲೆಯ ಮೇಲೆತ್ತಿ ಕತ್ತರಿ ಹಾಕಿದೆ. ಅಮ್ಮ ಮಡಿಸಿ ಹೊಲಿದಿದ್ದ ಕೋಟಿನ ಒಂದು ತೋಳು ದಾರ ಕಿತ್ತುಕೊಂಡು ಮುಖದ ಮೇಲೆ ಬಿತ್ತು.

ಮಹಡಿಯಲ್ಲಿ ಅಮ್ಮನ ಎರಡೂ ತೋಳು ಮೇಲೆದ್ದವು. ಅವಳು ಯಾಕೆ ಎಂದು ಯೋಚಿಸಲಿಲ್ಲ. ಅವಳ ಪಕ್ಕದಲ್ಲಿ ಇನ್ನೂ ಮೂರು ಜೊತೆ ತೋಳು ಎದ್ದವು, ಕೊನೆಗೆ ಒಂದು ತೋಳು ಟವೆಲು ಸುತ್ತಿದ್ದು, ಒಂದು ಬರಿಯದು. ಜಗಲಿಯಲ್ಲಿ ಕೂತಿದ್ದವರೆಲ್ಲ ಬೆದರಿ ಎದ್ದು ನಿಂತರು. ಐವರೂ ತೋಳೆತ್ತಿಕೊಂಡೇ ಮೆಟ್ಟಿಲಿಳಿದು ಓಡಿ ಬಂದರು. ಚಾದರದಕ್ಕನ ಒಂದು ಚಪ್ಪಲಿ ಅಂಗಳದಲ್ಲೇ ಉಳಿಯಿತು.

ನಮ್ಮನ್ನೇ ನೋಡುತ್ತಾ ಬಾಯಿ ತೆರೆದು ನಿಂತುಬಿಟ್ಟಿದ್ದ ಜವಾನ ಈಗ ಮೂರನೆಯ ಸಲ ಕೂಗಿದ.

'ಇದ್ದೀವಿ!' ಐದು ಗಂಟಲುಗಳು ಒಟ್ಟಿಗೆ ಕಿರುಚಿದವು. ಲಾಂಡ್ರಿಯ ಗಂಟಲುಗಳು. ಜವಾನ ಒಂದು ಹೆಜ್ಜೆ ಹಿಂದೆ ಸರಿದ.

'ಯಾರೇ ಸಿಕ್ಕಿಕೊಂಡದ್ದು? ಯಾರು?' ಅಮ್ಮ ಏದುಸಿರು ಬಿಡುತ್ತಾ ನನ್ನ ಕೈಗಳನ್ನು ಹಿಡಿದು ತಿರುಗಿಸಿ ನೋಡಿದಳು.

'ನಾನಮ್ಮ' ಎಂದೆ. ಅವಳು ನನ್ನ ಮುಖ ನೋಡಿದಳು, ಆಮೇಲೆ ಸೀನಿಯರ್ ಪಕ್ಕ ಕೂತಿದ್ದ ಕಂಪನಿಯ ವಕೀಲರನ್ನು, ಗೋಡೆಗೆ ಒರಗಿದ್ದ ಮ್ಯಾನೇಜರನ್ನು. ಹೆಚ್ಚು ಹೇಳಬೇಕಾಗಲಿಲ್ಲ.

ಸೀನಿಯರ್ ಎದ್ದು ನಿಂತರು. 'ಸ್ವಾಮಿ, ನಮ್ಮ ಜೂನಿಯರ್‌ಗೆ ಅನುಭವ ಸಾಲದು. ಸಾಕ್ಷಿ ಸಿದ್ಧವಾಗಿಲ್ಲ. ಇನ್ನೊಂದು ವಾಯಿದೆ ಕೊಡಬೇಕು.'

'ಕೊನೆ ಅಂದ್ರೆ ಕೊನೆ. ಸಾಕ್ಷಿ ಎದುರಿಗೇ ನಿಂತಿದ್ದಾರೆ, ವಿಚಾರಣೆ ಶುರು ಮಾಡಿ.'

'ನನಗೆ ಮೇಲಿನ ಕೋರ್ಟಿನಲ್ಲಿ ಕೇಸಿದೆ ಸ್ವಾಮಿ.' ಸೀನಿಯರ್ ಫೈಲು ಎತ್ತಿಕೊಂಡರು. ನನ್ನ ಪಕ್ಕ ಹಾದು ಹೋಗುವಾಗ ನಿಂತು, ಅಷ್ಟೇ ಮೆಲ್ಲಗೆ, 'ಸೋಮವಾರ ಬರೋ ಅಗತ್ಯ ಇಲ್ಲಮ್ಮ' ಎಂದರು. ಜೇನಿನ ವಾಸನೆ ಬಂತು. ಗುಮಾಸ್ತರು ತಲೆ ತಗ್ಗಿಸಿ ಅವರ ಹಿಂದೆ ಹೋದರು.

ಫೈಲು ಹೋಯಿತು. ಕೇಳಬೇಕಾದ ಪ್ರಶ್ನೆಗಳೆಲ್ಲ ಅದರಲ್ಲೇ ಇದ್ದವು. ನ್ಯಾಯಾಧೀಶರು ಬೇಸರದಿಂದ ವಕಾಲತ್ತು ತಿರುವಿ ಹಾಕಿದರು. 'ಇಲ್ಲಿ ನಿಮ್ಮ ಸಹಿನೂ ಇದೆಯಲ್ಲ. ಪ್ರಶ್ನೆ ಕೇಳ್ತೀರಾದ್ರೆ ಕೇಳಿ, ಇಲ್ಲಾಂದ್ರೆ ಕೂತ್ಕೊಳ್ಳಿ. ಊಟದ ಹೊತ್ತಾಗ್ತಿದೆ.'

'ಕೂರಬೇಡ ಕಣೇ' ಎಂದಳು ಹಿಂದಿನಿಂದ ಚಾದರದಕ್ಕ. ಅವಳು ಪಿಸುಗುಟ್ಟಿದ್ದು ಇಡೀ ಹಾಲ್‌ಗೆ ಕೇಳಿತು. ಯಾರೋ ನಕ್ಕರು.

ಅಮ್ಮ ಕಟಕಟೆ ಹತ್ತಿದಳು. ಪ್ರಮಾಣ ಮಾಡಿಸಿದರು. ನನ್ನ ಕೋಟಿನ ಒಂದು ತೋಳು ಬೆರಳ ತುದಿ ದಾಟಿ ಜೋತಾಡುತ್ತಿತ್ತು. ತಲೆಯೊಳಗೆ ಏನೂ ಇರಲಿಲ್ಲ. ಮ್ಯಾನೇಜರು ಫೋನು ಕಿವಿಗಿಟ್ಟು, ಅಮ್ಮನನ್ನೇ ನೋಡುತ್ತಾ ಏನೋ ಹೇಳುತ್ತಿದ್ದರು. ಏನೆಂದು ನಾನು ತುಟಿ ಓದಿದೆ. 'ಇವತ್ತಿಂದಲೇ ಇವಳು ಕೆಲಸಕ್ಕೆ ಬೇಡ' ಎಂದರು. ಅಮ್ಮನೂ ಓದಿದಳು. ಅವಳ ಕೆನ್ನೆ ಒಮ್ಮೆ ಅದುರಿತು.

ಆಮೇಲೆ ಅವಳು ನನ್ನ ಕಡೆ ತಿರುಗಿದಳು. ಕಟಕಟೆಯ ಕಟ್ಟೆಯ ಮೇಲೆ ಅಂಗೈ ಕೆಳಗೆ ಮಾಡಿ ಎರಡು ಸಲ ಮೆಲ್ಲಗೆ ತಟ್ಟಿದಳು. ಚಾದರ ನೇರ ಇದೆ, ಬಿಡು.

'ಅವತ್ತು...' ನನ್ನ ದನಿ ನನಗೇ ಕೇಳಿಸಲಿಲ್ಲ. ಮತ್ತೆ ಹೇಳಿದೆ. 'ಅವತ್ತು ನೀವು ಏನು ಕಂಡಿರಿ? ಏನು ಮಾಡಿದಿರಿ?'

ಅಮ್ಮನಿಗೆ ನಾನು 'ನೀವು' ಅಂದದ್ದು ಅದೇ ಮೊದಲು. ಅವಳು ನೆಟ್ಟಗೆ ನಿಂತಳು.

'ಅವಳ ಕೈ ಒಳಗೆ ಹೋಗ್ತಿತ್ತು. ನಾನು ಹಿಂಗೆ ತೋಳೆತ್ತಿದೆ. ನಿಲ್ಸಿ ಅಂತ ಕೂಗಿದೆ. ಸ್ವಿಚ್ಚು ಮೇಸ್ತ್ರಿ ಹತ್ರ, ಗಾಜಿನ ಕೋಣೇಲಿತ್ತು. ಅವನು ನನ್ನ ಮುಖ ನೋಡಿದ. ನೋಡಿ ಆ ಕಡೆ ತಿರುಗ್ದ!'

ಕಿಟಕಿಯ ಗಾಜು ಅದುರಿದಂತಾಯಿತು. ಕಾರಿಡಾರಿನಲ್ಲಿ ಹೋಗುತ್ತಿದ್ದವರು ನಿಂತು ಬಾಗಿಲಲ್ಲಿ ಇಣುಕಿದರು.

'ಸಾಕ್ಷಿ, ಇಷ್ಟು ಜೋರಾಗಿ ಕೂಗಬೇಡಿ' ಎಂದರು ನ್ಯಾಯಾಧೀಶರು ಕಿವಿ ಮುಚ್ಚಿಕೊಂಡು. 'ಇದು ಕೋರ್ಟು.'

'ಅವತ್ತೂ ಇಷ್ಟೇ ಜೋರಾಗಿ ಕೂಗಿದ್ದೆ ಸ್ವಾಮಿ. ಕೇಳಿಸ್ಲಿಲ್ಲ ಅಂತ ಬರ್ದು ಕೊಟ್ಟಿದ್ದಾರಲ್ಲ ಅವರು.'

ನ್ಯಾಯಾಧೀಶರು ಕಿವಿಯಿಂದ ಕೈ ತೆಗೆದರು. ಟೈಪಿಸ್ಟಿನ ಕಡೆ ತಿರುಗಿ, 'ಅದನ್ನೂ ಬರ್ಕೊಳ್ಳಿ' ಎಂದರು.

ಕಂಪನಿಯ ವಕೀಲರು ಪಾಟೀಸವಾಲಿಗೆ ಕಾಗದ ಜೋಡಿಸಿಕೊಳ್ಳುತ್ತಿದ್ದರು. ಜೋತಾಡುತ್ತಿದ್ದ ತೋಳನ್ನು ಮೊಣಕೈ ತನಕ ಮಡಿಸಿಕೊಂಡು, ಮುಂದಿನ ಪ್ರಶ್ನೆಯನ್ನು ಅಮ್ಮನಿಗೆ ಕೇಳುವಷ್ಟು ಜೋರಾಗಿ ಕೇಳಿದೆ.